ಮಾದರಿಗಳ ಹೊಂದಾಣಿಕೆ: ತಂತ್ರಾಂಶದ ಒಂದು ಸಮಸ್ಯೆ, ಕನ್ನಡ ಲಿಪಿಯ ನಿದರ್ಶನ

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಮೊದಲ ಬಾರಿಗೆ ಸಂಪುಟರೂಪದಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144 ಆಗಿತ್ತು. ಆರ್. ನರಸಿಂಹಾಚಾರ್ಯರು ಅದೇ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದಾಗ ಅದು 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಶಾಸನಗಳಿವೆ. ಶಾಸನಗಳು ಹೆಚ್ಚಿದುದು ಸಂತೋಷದ ಸಂಗತಿಯೇ. ಆದರೆ ಪ್ರತಿ ಪರಿಷ್ಕರಣದೊಡನೆ ಕ್ರಮಾಂಕಗಳೂ ಸ್ಥಳಾಂತರಗೊಂಡವು. ನಡುವಿನ ಅವಧಿಯಲ್ಲಿ ಬರೆದ ಸಾಹಿತ್ಯ ಚರಿತ್ರೆಗಳು, ಲೇಖನಗಳು, ಪದಸೂಚಿಗಳು ತಮ್ಮ ಕಾಲದ ಕ್ರಮಾಂಕವನ್ನೇ ಹಿಡಿದು ನಿಂತವು. ಹೊಸ ಕ್ರಮಾಂಕದ ಪಕ್ಕದಲ್ಲಿ ಹಳೆಯದನ್ನು ಆವರಣದೊಳಗೆ ಕೊಡುವ ಪದ್ಧತಿ ಬೆಳೆದುಬಂದದ್ದು ಈ ತೊಡಕಿನಿಂದ ಪಾರಾಗುವುದಕ್ಕೆ. ಕಿಟ್ಟೆಲರ ನಿಘಂಟನ್ನು ಪುಟಸಂಖ್ಯೆಯಿಂದ ಉಲ್ಲೇಖಿಸುವವರಿಗೂ ಇದೇ ಕಷ್ಟವಿದೆ. 1894ರ ಮಂಗಳೂರು ಮುದ್ರಣವೋ, ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ಪ್ರಕಟಿಸಿದ ನಾಲ್ಕು ಸಂಪುಟಗಳೋ ಎಂದು ಹೇಳದಿದ್ದರೆ ಪುಟಸಂಖ್ಯೆಗೆ ಅರ್ಥವೇ ಇಲ್ಲ.

ಇಂಥ ಕಡೆಗಳಲ್ಲಿ ಬದಲಾದದ್ದು ಒಂದು ಗ್ರಂಥ. ದಾರಿ ತಪ್ಪಿದ್ದು ಅದನ್ನು ನೆಚ್ಚಿಕೊಂಡಿದ್ದ ನೂರಾರು ಬರಹಗಳು. ಗಣಕ ವಿಜ್ಞಾನದಲ್ಲಿ ಇದಕ್ಕೆ ತೀರ ಸಮೀಪದ ಸಮಸ್ಯೆಯೊಂದು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಅಧ್ಯಯನಕ್ಕೆ ವಿಷಯವಾಗಿದೆ. ಒಂದೇ ವಸ್ತುವನ್ನು ಕುರಿತ ಹಲವು ಮಾದರಿಗಳಿದ್ದು ಅವುಗಳಲ್ಲಿ ಒಂದು ಬದಲಾದಾಗ ಉಳಿದವುಗಳನ್ನು ಅದರೊಡನೆ ಹೊಂದಿಸಿಕೊಂಡು ಹೋಗುವುದು ಹೇಗೆ ಎಂಬುದೇ ಆ ಸಮಸ್ಯೆ. ಇದಕ್ಕೆ ಸಾಂಗತ್ಯ ಎಂಬ ಸುಂದರವಾದ ಮಾತನ್ನು ಬಳಸಬಹುದಾಗಿತ್ತು. ಆದರೆ ಕನ್ನಡದ ಓದುಗನಿಗೆ ಆ ಪದ ಕೇಳಿದೊಡನೆ ರತ್ನಾಕರವರ್ಣಿಯ ನೆನಪಾಗುವುದರಿಂದ ಹೊಂದಾಣಿಕೆ ಎಂಬ ಸಾಧಾರಣ ಮಾತೇ ಕ್ಷೇಮ. ಈ ಸಮಸ್ಯೆ ಕೇವಲ ಯಂತ್ರಜ್ಞರದಲ್ಲ. ಕನ್ನಡ ಲಿಪಿ ಗಣಕದೊಳಗೆ ಪ್ರವೇಶಿಸಿದ ದಿನದಿಂದ ಅದು ಕನ್ನಡ ವಿದ್ವಾಂಸರ ಸಮಸ್ಯೆಯೂ ಆಗಿದೆ. ಮೊದಲು ಅದರ ಸಾಮಾನ್ಯ ಸ್ವರೂಪವನ್ನು ತಿಳಿದುಕೊಂಡು ಆಮೇಲೆ ಲಿಪಿಯ ಕಡೆಗೆ ಬರುವುದು ಉಚಿತ.

ಮಾದರಿ ಎಂಬುದಕ್ಕೆ ಇಲ್ಲಿ ಅನುಕರಣೀಯವಾದದ್ದು ಎಂಬ ಅರ್ಥವಿಲ್ಲ. ಒಂದು ವಸ್ತುವನ್ನು ನಿರ್ದಿಷ್ಟ ಉದ್ದೇಶಕ್ಕಾಗಿ, ಆ ಉದ್ದೇಶಕ್ಕೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡು ವರ್ಣಿಸಿದ ರೂಪವೇ ಮಾದರಿ. ದೊಡ್ಡ ತಂತ್ರಾಂಶವನ್ನು ರಚಿಸುವವರು ನೇರವಾಗಿ ಕ್ರಮವಿಧಿಯನ್ನು ಬರೆಯತೊಡಗುವುದಿಲ್ಲ. ಬಳಕೆದಾರರ ಅಗತ್ಯಗಳ ಪಟ್ಟಿ, ವಸ್ತುಗಳೂ ಅವುಗಳ ಸಂಬಂಧಗಳೂ ಇರುವ ರೇಖಾಚಿತ್ರ, ಮಾಹಿತಿಯನ್ನು ಕೂಡಿಡುವ ಕೋಷ್ಟಕಗಳ ವಿನ್ಯಾಸ ಎಲ್ಲವೂ ಸಿದ್ಧವಾಗುತ್ತವೆ. ಓಎಂಜಿ ಎಂಬ ಸಂಸ್ಥೆ 1997ರಲ್ಲಿ ಅಂಗೀಕರಿಸಿದ ಯುಎಂಎಲ್ ಎಂಬ ರೇಖಾಭಾಷೆಯಲ್ಲಂತೂ ಒಂದೇ ವ್ಯವಸ್ಥೆಯನ್ನು ಹಲವು ಬಗೆಯ ಚಿತ್ರಗಳಿಂದ ನಿರೂಪಿಸುವ ಕ್ರಮವಿದೆ. ಈ ಚಿತ್ರಗಳಲ್ಲಿ ಯಾವುದೂ ಇನ್ನೊಂದರ ಪ್ರತಿಯಲ್ಲ. ಒಂದರಲ್ಲಿರುವುದು ಇನ್ನೊಂದರಲ್ಲಿ ಇಲ್ಲದಿರಬಹುದು. ಇದ್ದರೂ ಬೇರೆ ಹೆಸರಿನಿಂದ ಇರಬಹುದು. ಆದರೆ ಅವು ಒಂದನ್ನೊಂದು ಸುಳ್ಳುಮಾಡುವಂತಿಲ್ಲ.

ಹೊರನಾಡ ಕನ್ನಡಿಗರಿಗೆ ಪರಿಚಿತವಾದ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹೆಸರನ್ನು ಬರೆಯುವ ರೂಢಿಯಲ್ಲಿ ಕುಲನಾಮ, ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು ಎಂಬ ಮೂರು ಅಂಗಗಳು. ಮೈಸೂರು ಕಡೆಯ ಕುಟುಂಬದಿಂದ ಬಂದ ವಿದ್ಯಾರ್ಥಿನಿಯೊಬ್ಬಳ ಹೆಸರಿನಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಇರುತ್ತವೆಯೇ ಹೊರತು ಕುಲನಾಮ ಇರುವುದಿಲ್ಲ. ಪರೀಕ್ಷಾ ವಿಭಾಗದ ತಂತ್ರಾಂಶದಲ್ಲಿ ಕುಲನಾಮ ಕಡ್ಡಾಯ ಎಂಬ ನಿಯಮವಿದ್ದು ಅದು ತೊಡಕೆಂದು ಗೊತ್ತಾದ ಮೇಲೆ ವಿನ್ಯಾಸಕಾರನು ತನ್ನ ರೇಖಾಚಿತ್ರದಲ್ಲಿ ಕುಲನಾಮವನ್ನು ಐಚ್ಛಿಕವೆಂದು ತಿದ್ದುತ್ತಾನೆ. ಚಿತ್ರ ಸರಿಹೋಯಿತು. ಆದರೆ ದತ್ತಸಂಚಯದ ಕೋಷ್ಟಕದಲ್ಲಿ ಆ ಅಂಕಣ ಖಾಲಿ ಇರಕೂಡದೆಂಬ ಹಳೆಯ ನಿರ್ಬಂಧ ಹಾಗೆಯೇ ಉಳಿದಿದೆ. ಅಕಾರಾದಿಯಾಗಿ ಜೋಡಿಸುವ ಕ್ರಮವಿಧಿ ಇನ್ನೂ ಕುಲನಾಮವನ್ನೇ ಹುಡುಕುತ್ತಿದೆ. ಪದವಿಪತ್ರದ ಮುದ್ರಣ ವಿನ್ಯಾಸ ಮೊದಲ ಸ್ಥಾನವನ್ನು ಕುಲನಾಮಕ್ಕೇ ಬಿಟ್ಟಿದೆ. ಕೊನೆಗೆ ಗುಮಾಸ್ತನೊಬ್ಬನು ಕೆಲಸ ಸಾಗಲೆಂದು ತಂದೆಯ ಹೆಸರಿನ ಮೊದಲಕ್ಷರವನ್ನೇ ಕುಲನಾಮದ ಅಂಕಣದಲ್ಲಿ ತುಂಬುತ್ತಾನೆ. ಪದವಿಪತ್ರದ ಮೇಲೆ ವಿದ್ಯಾರ್ಥಿನಿಯ ಹೆಸರು ತಲೆಕೆಳಗಾಗಿ ಅಚ್ಚಾಗುತ್ತದೆ. ಪಾರುಪತ್ರದಲ್ಲಿ ಒಂದು ಹೆಸರು, ಪದವಿಪತ್ರದಲ್ಲಿ ಇನ್ನೊಂದು. ಗುಮಾಸ್ತ, ವಿನ್ಯಾಸಕಾರ, ಮುದ್ರಕ ಇವರಲ್ಲಿ ಯಾರನ್ನೂ ತಪ್ಪಿತಸ್ಥರೆನ್ನುವಂತಿಲ್ಲ. ಒಂದೊಂದು ಮಾದರಿಯೂ ತನ್ನಷ್ಟಕ್ಕೆ ಸರಿಯಾಗಿದ್ದು, ಅವುಗಳ ನಡುವಣ ಸಂಬಂಧ ಮಾತ್ರ ಎಲ್ಲಿಯೂ ಬರೆದಿಡಲ್ಪಟ್ಟಿಲ್ಲ.

ಮೇಲಿನ ನಿದರ್ಶನದಲ್ಲಿ ಬದಲಾವಣೆ ಎರಡು ತುದಿಗಳಿಂದ ಬಂದಿದೆ ಎಂಬುದು ಮುಖ್ಯ. ರೇಖಾಚಿತ್ರದ ತಿದ್ದುಪಡಿ ಮೇಲಿನಿಂದ ಕೆಳಕ್ಕೆ ಇಳಿಯಬೇಕಾಗಿತ್ತು. ಗುಮಾಸ್ತನ ತಿದ್ದುಪಡಿ ಕೆಳಗಿನಿಂದ ಹೊರಟಿತು. ಬದಲಾವಣೆ ಒಂದೇ ದಿಕ್ಕಿನಲ್ಲಿ ಹರಿಯುವುದಾದರೆ ಸಮಸ್ಯೆ ಅಷ್ಟು ಜಟಿಲವಲ್ಲ. ಮೂಲ ಬದಲಾದಾಗಲೆಲ್ಲ ಅದರಿಂದ ಹುಟ್ಟಿದ್ದನ್ನು ಅಳಿಸಿ ಹೊಸದಾಗಿ ಹುಟ್ಟಿಸಿದರೆ ಸಾಕು. ಜನ್ಯವಾದದ್ದನ್ನೂ ಯಾರಾದರೂ ತಿದ್ದಬಹುದು ಎಂದಾದಾಗ ನಿಜವಾದ ಕಷ್ಟ ಆರಂಭವಾಗುತ್ತದೆ.

ಈ ಕಷ್ಟವನ್ನು ಮೊದಲು ಎದುರಿಸಿದವರು ದತ್ತಸಂಚಯದ ವಿದ್ವಾಂಸರು. ಅಲ್ಲಿ ದೊಡ್ಡ ಕೋಷ್ಟಕದಿಂದ ಬೇಕಾದ ಅಂಶಗಳನ್ನು ಮಾತ್ರ ಆರಿಸಿ ತೋರಿಸುವ ರೂಪಕ್ಕೆ ನೋಟ ಎಂದು ಹೆಸರು. ಹಸ್ತಪ್ರತಿ ಭಾಂಡಾರವೊಂದರ ವಿವರಣಾತ್ಮಕ ಸೂಚಿಯಲ್ಲಿ ಕೃತಿಯ ಹೆಸರು, ಕವಿ, ಲಿಪಿಕಾರ, ಗರಿಗಳ ಸಂಖ್ಯೆ, ಪ್ರತಿಯ ಸ್ಥಿತಿ ಎಲ್ಲವೂ ಇರುತ್ತವೆ ಎಂದಿಟ್ಟುಕೊಳ್ಳಬಹುದು. ಓದುಗರ ಕೈಗೆ ಕೊಡುವ ಪಟ್ಟಿಯಲ್ಲಿ ಕೃತಿ, ಕವಿ ಎರಡೇ ಇರುತ್ತವೆ. ಓದುಗರ ಪಟ್ಟಿಯಲ್ಲಿ ಕವಿಯ ಹೆಸರನ್ನು ತಿದ್ದಿದರೆ ಮೂಲಸೂಚಿಯಲ್ಲಿ ಅದನ್ನು ತಿದ್ದುವುದು ಸುಲಭ. ಆದರೆ ಆ ಪಟ್ಟಿಗೆ ಹೊಸ ಕೃತಿಯೊಂದನ್ನು ಸೇರಿಸಿದರೆ ಅದರ ಲಿಪಿಕಾರ ಯಾರೆಂದು ಮೂಲಸೂಚಿ ಹೇಗೆ ತಾನೇ ತಿಳಿದೀತು? ಪಟ್ಟಿಯಿಂದ ಒಂದನ್ನು ಹೊಡೆದುಹಾಕಿದರೆ ಹಸ್ತಪ್ರತಿಯೇ ಕಳೆದುಹೋಗಿದೆ ಎಂದು ಅರ್ಥವೋ, ಓದುಗರಿಗೆ ಕೊಡಕೂಡದೆಂದು ಅರ್ಥವೋ? ಫ್ರಾಂಸ್ವಾ ಬಾಂಸಿಲೋಂ ಮತ್ತು ನಿಕೊಲಾಸ್ ಸ್ಪಿರಾಟೋಸ್ ಅವರು 1981ರಲ್ಲಿ ಇದಕ್ಕೆ ಒಂದು ತತ್ತ್ವವನ್ನು ಸೂಚಿಸಿದರು. ನೋಟದಲ್ಲಿ ಕಾಣದೆ ಉಳಿದ ಭಾಗ ಯಾವುದೆಂದು ಮೊದಲೇ ಗೊತ್ತುಮಾಡಿ, ನೋಟವನ್ನು ತಿದ್ದುವಾಗ ಆ ಪೂರಕ ಭಾಗ ಮಾತ್ರ ಅಲುಗಾಡದಂತೆ ಹಿಡಿದಿಟ್ಟುಕೊಂಡರೆ, ಮೂಲವನ್ನು ಹೇಗೆ ತಿದ್ದಬೇಕೆಂಬುದು ಸಂದೇಹವಿಲ್ಲದೆ ನಿರ್ಧಾರವಾಗುತ್ತದೆ. ಯಾವುದನ್ನು ಅಲುಗಿಸಕೂಡದು ಎಂಬುದನ್ನು ಯಂತ್ರ ಹೇಳಲಾರದು, ಮನುಷ್ಯನೇ ಹೇಳಬೇಕು ಎಂಬ ಅಂಶ ಈ ತತ್ತ್ವದಲ್ಲಿ ಅಡಗಿದೆ. ಅದರ ಮಹತ್ವವನ್ನು ತಂತ್ರಜ್ಞರಿಗಿಂತ ಗ್ರಂಥಸಂಪಾದಕರು ಬೇಗ ಗ್ರಹಿಸಿಯಾರು.

ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಬೆಂಜಮಿನ್ ಪಿಯರ್ಸ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಇದೇ ವಿಚಾರವನ್ನು ಲೆನ್ಸ್ ಎಂಬ ಹೆಸರಿನಲ್ಲಿ ಪರಿಷ್ಕಾರವಾಗಿ ನಿರೂಪಿಸಿದರು. ಮೂಲದಿಂದ ನೋಟವನ್ನು ಪಡೆಯುವ ಕ್ರಿಯೆ, ತಿದ್ದಿದ ನೋಟವನ್ನು ಮೂಲಕ್ಕೆ ಮರಳಿ ಸೇರಿಸುವ ಕ್ರಿಯೆ ಇವೆರಡನ್ನೂ ಪ್ರತ್ಯೇಕವಾಗಿ ಬರೆಯದೆ ಒಂದೇ ರಚನೆಯಿಂದ ಪಡೆಯಬೇಕು ಎಂಬುದು ಅವರ ಅಭಿಪ್ರಾಯ. ಆ ಜೋಡಿಗೆ ಮುಖ್ಯವಾಗಿ ಎರಡು ನಿಯಮಗಳು ಅನ್ವಯಿಸುತ್ತವೆ. ನೋಟವನ್ನು ತಿದ್ದದೆಯೇ ಮರಳಿಸಿದರೆ ಮೂಲ ಇದ್ದಂತೆಯೇ ಇರಬೇಕು. ನೋಟದಲ್ಲಿ ಏನನ್ನು ಬರೆದು ಮರಳಿಸಲಾಯಿತೋ ಮತ್ತೆ ನೋಡಿದಾಗ ಅದೇ ಕಾಣಬೇಕು. ಕೇಳುವುದಕ್ಕೆ ಇವು ತೀರ ಸರಳ. ಆದರೆ ಒಂದು ಕಡತವನ್ನು ತೆರೆದು ಏನನ್ನೂ ಮುಟ್ಟದೆ ಮುಚ್ಚಿದಾಗಲೇ ಅದರ ಅಕ್ಷರಗಳು ಕೆಟ್ಟುಹೋದದ್ದನ್ನು ಕಂಡ ಕನ್ನಡ ಬರಹಗಾರರಿಗೆ ಮೊದಲ ನಿಯಮ ಎಷ್ಟು ಅಪರೂಪವಾಗಿ ಪಾಲನೆಯಾಗುತ್ತದೆಂಬುದು ಗೊತ್ತು.

ಲೆನ್ಸ್ ವಿಧಾನದಲ್ಲಿ ಒಂದು ಮಾದರಿ ಇನ್ನೊಂದರೊಳಗೆ ಅಡಕವಾಗಿರುತ್ತದೆ. ಎರಡರಲ್ಲಿಯೂ ತಮ್ಮದೇ ಆದ ಹೆಚ್ಚಿನ ಅಂಶಗಳಿದ್ದರೆ ಈ ವಿಧಾನವೊಂದೇ ಸಾಲದು. ಅಂಥ ಸಂದರ್ಭಕ್ಕೆ ಆಂಡಿ ಶ್ಯೂರ್ ಎಂಬ ಜರ್ಮನ್ ವಿದ್ವಾಂಸರು 1994ರಲ್ಲಿ ತ್ರಿವಳಿ ಆಲೇಖ ವ್ಯಾಕರಣವನ್ನು ಮುಂದಿಟ್ಟರು. ಎರಡು ಮಾದರಿಗಳ ನಡುವೆ, ಯಾವ ಅಂಶಕ್ಕೆ ಯಾವುದು ಸಮಾನ ಎಂಬುದನ್ನು ಮಾತ್ರ ದಾಖಲಿಸುವ ಮೂರನೆಯ ಮಾದರಿಯೊಂದನ್ನು ನಿಲ್ಲಿಸುವುದು ಅದರ ಮುಖ್ಯ ಆಲೋಚನೆ. ಹಳೆಯ ಮತ್ತು ಹೊಸ ಶಾಸನ ಕ್ರಮಾಂಕಗಳನ್ನು ಎದುರುಬದುರಾಗಿ ಕೊಡುವ ಅನುಬಂಧವನ್ನು ಬಲ್ಲವರಿಗೆ ಇದು ಹೊಸದಲ್ಲ. ವ್ಯತ್ಯಾಸವಿರುವುದು ಅದು ಅನುಬಂಧವಲ್ಲ, ಗ್ರಂಥದಷ್ಟೇ ಮುಖ್ಯವಾದ ಅಂಗ ಎಂದು ಶ್ಯೂರ್ ಅವರು ಪರಿಗಣಿಸಿದ್ದರಲ್ಲಿ. ಓಎಂಜಿ ಸಂಸ್ಥೆಯೂ ಮಾದರಿಗಳ ರೂಪಾಂತರಕ್ಕೆ ಕ್ಯುವಿಟಿ ಎಂಬ ಮಾನಕವನ್ನು ರಚಿಸಿತು. ಎಡಿನ್‌ಬರೋದ ಪರ್ಡೀಟಾ ಸ್ಟೀವನ್ಸ್ ಅವರು 2007ರಲ್ಲಿ ಅದರ ದ್ವಿಮುಖ ರೂಪಾಂತರಗಳ ಅರ್ಥವೇ ಹಲವೆಡೆ ಅಸ್ಪಷ್ಟವಾಗಿದೆಯೆಂದು ತೋರಿಸಿದರು. ಹೊಂದಾಣಿಕೆಯ ಮಾನಕಕ್ಕೇ ತನ್ನೊಳಗೆ ಹೊಂದಾಣಿಕೆ ಸಾಲದಾದದ್ದು ಈ ಕ್ಷೇತ್ರದ ಸ್ವಾರಸ್ಯಗಳಲ್ಲಿ ಒಂದು.

ಇವೆಲ್ಲ ಹೊಂದಿಕೆಯಾಗದ್ದನ್ನು ಕಂಡೊಡನೆ ಸರಿಪಡಿಸಬೇಕು ಎಂಬ ನಂಬಿಕೆಯಿಂದ ಹುಟ್ಟಿದ ಪ್ರಯತ್ನಗಳು. ಆ ನಂಬಿಕೆಯನ್ನೇ ಪ್ರಶ್ನಿಸಿದವರೂ ಉಂಟು. ರಾಬರ್ಟ್ ಬಾಲ್ಜರ್ 1991ರಲ್ಲಿ ಅಸಂಗತಿಯನ್ನು ಸಹಿಸಿಕೊಳ್ಳುವ ವ್ಯವಸ್ಥೆಗಳ ಬಗೆಗೆ ಬರೆದರು. ಆಂಥನಿ ಫಿಂಕಲ್‌ಸ್ಟೈನ್ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿ, ಬೇರೆಬೇರೆ ದೃಷ್ಟಿಯಿಂದ ರಚಿತವಾದ ಮಾದರಿಗಳ ನಡುವೆ ವಿರೋಧ ಕಂಡರೆ ಅದನ್ನು ಅಳಿಸದೆ ಗುರುತಿಸಿಟ್ಟು, ಏನು ಮಾಡಬೇಕೆಂಬುದನ್ನು ಕಾಲ ಬಂದಾಗ ನಿರ್ಧರಿಸಬಹುದು ಎಂದು ವಾದಿಸಿದರು. ತಂತ್ರಾಂಶದ ಜಗತ್ತಿಗೆ ಇದು ಹೊಸ ಮಾತಾಗಿತ್ತು. ಗ್ರಂಥಸಂಪಾದನೆಯಲ್ಲಿ ಇದು ಹಳೆಯ ನಡೆ. ಎರಡು ಓಲೆಪ್ರತಿಗಳಲ್ಲಿ ಪಾಠಭೇದ ಕಂಡಾಗ ಒಳ್ಳೆಯ ಸಂಪಾದಕ ಒಂದನ್ನು ಅಳಿಸಿ ಇನ್ನೊಂದಕ್ಕೆ ಸಮಮಾಡುವುದಿಲ್ಲ. ಒಂದನ್ನು ಮೂಲಪಾಠವಾಗಿ ಸ್ವೀಕರಿಸಿ ಇನ್ನೊಂದನ್ನು ಪ್ರತಿಯ ಸಂಕೇತದೊಡನೆ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಭೇದವನ್ನು ಮುಚ್ಚಿಡುವುದಕ್ಕೂ ಭೇದವನ್ನು ದಾಖಲಿಸಿ ಸಹಿಸುವುದಕ್ಕೂ ಇರುವ ಅಂತರವನ್ನು ಗಣಕದ ಜನರಿಗೆ ಹೇಳಿಕೊಡುವ ಅರ್ಹತೆ ಈ ಶಾಸ್ತ್ರಕ್ಕಿದೆ ಎಂದರೆ ಅತಿಶಯೋಕ್ತಿಯಾಗದು.

ಇನ್ನು ಕನ್ನಡ ಲಿಪಿಯ ವಿಷಯ. ಗಣಕದೊಳಗಿನ ಕನ್ನಡವೆಂಬುದು ಒಂದೇ ವಸ್ತುವಲ್ಲ. ಹಲವು ಮಾದರಿಗಳ ಕೂಟ. ಅಕ್ಷರಗಳಿಗೆ ಸಂಖ್ಯೆಗಳನ್ನು ಕೊಡುವ ಸಂಕೇತಪಟ್ಟಿ ಒಂದು. ಆ ಸಂಖ್ಯೆಗಳ ಸಾಲನ್ನು ಒತ್ತಕ್ಷರ, ಕಾಗುಣಿತಗಳಿಂದ ಕೂಡಿದ ಆಕೃತಿಯಾಗಿ ಮಾರ್ಪಡಿಸುವ ಫಾಂಟು ಇನ್ನೊಂದು. ಕೀಲಿಮಣೆಯ ವಿನ್ಯಾಸ, ಅಕಾರಾದಿ ಜೋಡಣೆಯ ನಿಯಮ, ಹುಡುಕಾಟದ ನಿಯಮ, ಜಾಲತಾಣಗಳ ಹೆಸರಿನಲ್ಲಿ ಯಾವ ಅಕ್ಷರ ಬರಬಹುದೆಂಬ ನಿಯಮ ಇವೆಲ್ಲ ಒಂದೇ ಲಿಪಿಯನ್ನು ಕುರಿತ ಪ್ರತ್ಯೇಕ ಮಾದರಿಗಳು. ಇವನ್ನು ಸಿದ್ಧಪಡಿಸುವವರು ಬೇರೆಬೇರೆಯವರು. ಪರಿಷ್ಕರಿಸುವ ಕಾಲವೂ ಬೇರೆಬೇರೆ.

ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇಸ್ಕಿ ಎಂಬ ಸಂಕೇತಪಟ್ಟಿಯನ್ನು ಪ್ರಕಟಿಸಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ ಈ ಸಂಪ್ರದಾಯಕ್ಕೆ ಸೇರಿದ್ದು. ಬ್ರಾಹ್ಮಿಯಿಂದ ಹುಟ್ಟಿದ ಎಲ್ಲ ಲಿಪಿಗಳೂ ಒಂದೇ ವರ್ಣಮಾಲೆಯ ಬೇರೆಬೇರೆ ನೋಟಗಳು ಎಂಬ ಗ್ರಹಿಕೆ ಅದರ ತಳಹದಿ. ದೇವನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಒಂದೇ ಸಂಖ್ಯೆ. ಲಿಪಿಯನ್ನು ಮಾತ್ರ ಬದಲಿಸಿದರಾಯಿತು. ಅದೇ 1991ರಲ್ಲಿ ಹೊರಬಂದ ಯೂನಿಕೋಡ್ ಒಂದೊಂದು ಲಿಪಿಗೂ ಪ್ರತ್ಯೇಕ ವಿಭಾಗವನ್ನು ಕೊಟ್ಟಿತಾದರೂ ಇಸ್ಕಿಯ 1988ರ ರೂಪವನ್ನು ಆಧರಿಸಿ ಎಲ್ಲ ವಿಭಾಗಗಳ ಒಳಕ್ರಮವನ್ನು ಸಮಾನಾಂತರವಾಗಿ ಇರಿಸಿತು. ದೇವನಾಗರಿಯ ವಿಭಾಗದಲ್ಲಿ ಒಂದು ಅಕ್ಷರ ಎಷ್ಟನೆಯ ಸ್ಥಾನದಲ್ಲಿದೆಯೋ ಕನ್ನಡ ವಿಭಾಗದಲ್ಲಿಯೂ ಸಾಮಾನ್ಯವಾಗಿ ಅಷ್ಟನೆಯ ಸ್ಥಾನದಲ್ಲಿಯೇ ಅದರ ಸಮಾನಾಕ್ಷರ ಇರುತ್ತದೆ. ಹೊಂದಾಣಿಕೆಯ ದೃಷ್ಟಿಯಿಂದ ಇದು ಮೆಚ್ಚಬೇಕಾದ ಏರ್ಪಾಡು.

ಆದರೆ ಪಂಪ, ರನ್ನರ ವಿದ್ಯಾರ್ಥಿಗಳಿಗೆ ಅತ್ಯಗತ್ಯವಾದ ೞಕಾರದಲ್ಲಿ ಈ ಏರ್ಪಾಡು ಎಡವಿತು. ದೇವನಾಗರಿ ಪಟ್ಟಿಯಲ್ಲಿ ೞಕಾರಕ್ಕೆ ಸಲ್ಲುವ ಸ್ಥಾನ ಕನ್ನಡ ಪಟ್ಟಿಯಲ್ಲಿ ತೆರವಾಗಿಯೇ ಇದೆ. ೞಕಾರ ಬಂದು ಕುಳಿತಿರುವುದು, ಪಾರಸಿ ಮೂಲದ ಪದಗಳಲ್ಲಿ ಬರುವ ಫ಼ಕಾರಕ್ಕೆ ದೇವನಾಗರಿಯಲ್ಲಿ ಮೀಸಲಾದ ಸ್ಥಾನದ ನೇರದಲ್ಲಿ. ಅಷ್ಟೇ ಅಲ್ಲ, ಮಾನಕದಲ್ಲಿ ಅದಕ್ಕೆ ಕೊಟ್ಟಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ಆಕೃತಿ ೞಕಾರದ್ದು, ಹೆಸರು ಫಕಾರದ್ದು. ಹೆಸರನ್ನೋ ಸ್ಥಾನವನ್ನೋ ನಂಬಿ ಲಿಪ್ಯಂತರ ಮಾಡುವ ತಂತ್ರಾಂಶ ‘ಬಾೞ್’ ಎಂಬುದನ್ನು ‘ಬಾಫ್’ ಎಂದು ಓದಿದರೆ ಆಶ್ಚರ್ಯವಿಲ್ಲ. ಮೂಲಮಾದರಿಯೊಡನೆ ಹೊಂದಿಕೊಂಡಿದ್ದರೂ ತಾನು ವರ್ಣಿಸಬೇಕಾದ ಲಿಪಿಯೊಡನೆ ಹೊಂದದ ಮಾದರಿಗೆ ಇದು ಸ್ಪಷ್ಟವಾದ ನಿದರ್ಶನ.

ತಪ್ಪು ಗೊತ್ತಾದ ಮೇಲೆ ತಿದ್ದಬಾರದೇಕೆ ಎಂದು ಸಹಜವಾಗಿ ಕೇಳಬಹುದು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ, ಒಮ್ಮೆ ಕೊಟ್ಟ ಸ್ಥಾನದಿಂದ ಅಕ್ಷರವನ್ನು ಕದಲಿಸುವುದಿಲ್ಲ ಎಂಬುದು 1996ರ ಎರಡನೆಯ ಆವೃತ್ತಿಯಿಂದ ಈಚೆಗೆ ಯೂನಿಕೋಡಿನ ಘೋಷಿತ ನೀತಿ. ಆ ಹೆಸರನ್ನು ಗುರುತಾಗಿ ಬಳಸುತ್ತಿರುವ ಕ್ರಮವಿಧಿಗಳು ಲೋಕದಲ್ಲಿ ಎಷ್ಟಿವೆಯೋ ಯಾರಿಗೂ ತಿಳಿಯದು. ಹೀಗಾಗಿ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ೞಕಾರವೆಂದು ಸೂಚಿಸುವ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿ ಸೇರಿಸಲಾಗಿದೆ. ಮೂಲವನ್ನು ಮುಟ್ಟದೆ ಟಿಪ್ಪಣಿಯಿಂದ ತಿದ್ದುವ ಈ ಕ್ರಮ ಸಂಪಾದಕನಿಗೆ ಮೆಚ್ಚುಗೆಯಾಗುವಂಥದು. ಕನ್ನಡಿಗನಿಗೆ ಮಾತ್ರ ಅದರಲ್ಲಿ ಸ್ವಲ್ಪ ಕಹಿ ಉಳಿಯುತ್ತದೆ. ಹಳಗನ್ನಡ ಬಲ್ಲವರೊಬ್ಬರು ಆ ಪಟ್ಟಿಯನ್ನು ಮೊದಲೇ ಎಚ್ಚರದಿಂದ ನೋಡಿದ್ದರೆ ಈ ಪರ್ಯಾಯನಾಮದ ಅಗತ್ಯವೇ ಬೀಳುತ್ತಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಜಿಹ್ವಾಮೂಲೀಯ ಮತ್ತು ಉಪಧ್ಮಾನೀಯಗಳ ಪ್ರಸಂಗ. ವಿಸರ್ಗವು ಕ, ಖಗಳ ಹಿಂದೆ ಬಂದಾಗ ಜಿಹ್ವಾಮೂಲೀಯವಾಗಿಯೂ ಪ, ಫಗಳ ಹಿಂದೆ ಬಂದಾಗ ಉಪಧ್ಮಾನೀಯವಾಗಿಯೂ ಉಚ್ಚಾರವಾಗುತ್ತದೆ. ಅಂತಃಕರಣ, ಪಯಃಪಾನ ಎಂಬ ಪದಗಳಲ್ಲಿ ಈ ಸಂದರ್ಭಗಳಿವೆ. ಕೇಶಿರಾಜನು 13ನೆಯ ಶತಮಾನದಲ್ಲಿ ಶುದ್ಧಗೆಯ 47 ಅಕ್ಷರಗಳನ್ನು ಎಣಿಸುವಾಗ ಈ ಎರಡನ್ನೂ ಕನ್ನಡಕ್ಕೆ ಬೇಡವೆಂದು ಕೈಬಿಟ್ಟ. ಪ್ರಾಚೀನ ಶಾಸನಗಳ ಸಂಸ್ಕೃತ ಭಾಗಗಳನ್ನು ಇದ್ದಂತೆ ಅಚ್ಚುಮಾಡುವವರಿಗೆ ಮಾತ್ರ ಇವು ಬೇಕೇ ಬೇಕು. ಯೂನಿಕೋಡ್ 2006ರ 5.0 ಆವೃತ್ತಿಯಲ್ಲಿ ಇವುಗಳಿಗೆ ಸ್ಥಾನ ಕೊಟ್ಟಿತು. ಆದರೆ ಇವು ಅಕ್ಷರಗಳಲ್ಲ, ಕೇವಲ ಚಿಹ್ನೆಗಳು ಎಂದು ವರ್ಗೀಕರಿಸಿತು. 2010ರ ಅಕ್ಟೋಬರಿನಲ್ಲಿ ಬಂದ 6.0 ಆವೃತ್ತಿ ಈ ವರ್ಗೀಕರಣವನ್ನು ಸರಿಪಡಿಸಿ ಇವನ್ನು ಅಕ್ಷರವರ್ಗಕ್ಕೆ ಸೇರಿಸಿತು. ವ್ಯಾಕರಣದ ದೃಷ್ಟಿಯಿಂದ ಇದು ನ್ಯಾಯವಾದ ತಿದ್ದುಪಡಿ.

ಇಷ್ಟರಲ್ಲಿ ಇನ್ನೊಂದು ಮಾದರಿ ಈ ವರ್ಗೀಕರಣವನ್ನು ನೆಚ್ಚಿಕೊಂಡಿತ್ತು. ಅಂತರಜಾಲದ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಅದೇ ವರ್ಷದ ಆಗಸ್ಟಿನಲ್ಲಿ, ಜಾಲತಾಣಗಳ ಹೆಸರುಗಳಲ್ಲಿ ಯಾವ ಲಿಪಿಯ ಯಾವ ಅಕ್ಷರ ಬರಬಹುದೆಂಬುದಕ್ಕೆ ಸೂತ್ರವೊಂದನ್ನು ಪ್ರಕಟಿಸಿತ್ತು. ಅನುಮತಿಸಿದ ಅಕ್ಷರಗಳ ಸ್ಥಿರವಾದ ಪಟ್ಟಿಯನ್ನು ಕೊಡದೆ, ಯೂನಿಕೋಡಿನ ಗುಣಲಕ್ಷಣಗಳಿಂದ ಲೆಕ್ಕಹಾಕಿಕೊಳ್ಳುವ ನಿಯಮವನ್ನು ಕೊಟ್ಟದ್ದು ಅದರ ವಿಶೇಷ. ಅಕ್ಷರವಾದರೆ ಅನುಮತಿ, ಚಿಹ್ನೆಯಾದರೆ ನಿಷೇಧ ಎಂಬುದು ಸ್ಥೂಲವಾಗಿ ಅದರ ಧೋರಣೆ. ಎರಡೇ ತಿಂಗಳಲ್ಲಿ ಮೂಲಪಟ್ಟಿ ಬದಲಾದದ್ದರಿಂದ ನಿಷಿದ್ಧವಾಗಿದ್ದ ಈ ಎರಡು ಕನ್ನಡ ಅಕ್ಷರಗಳು ತಾವಾಗಿಯೇ ಅನುಮತಿ ಪಡೆದವು. ಅದೇ ಆವೃತ್ತಿಯಲ್ಲಿ ನ್ಯೂ ತಾಯ್ ಲೂ ಲಿಪಿಯ ಒಂದು ಅಂಕಿಗೆ ಇದಕ್ಕೆ ವಿರುದ್ಧವಾದ ಗತಿ ಒದಗಿತು, ಅನುಮತಿಯಿದ್ದದ್ದು ನಿಷಿದ್ಧವಾಯಿತು.

ಇಂಥ ಸಂದರ್ಭ ಬರಬಹುದೆಂದು ಸೂತ್ರಕಾರರು ಊಹಿಸಿದ್ದರು. ಹಳೆಯ ನಿರ್ಣಯವನ್ನೇ ಉಳಿಸಿಕೊಳ್ಳಬೇಕಾದ ಅಕ್ಷರಗಳಿಗಾಗಿ ಅಪವಾದಗಳ ಪಟ್ಟಿಯೊಂದನ್ನು ಖಾಲಿ ಬಿಟ್ಟಿದ್ದರು. ಈ ಮೂರನ್ನು ಆ ಪಟ್ಟಿಗೆ ಸೇರಿಸಬೇಕೇ ಎಂಬ ಚರ್ಚೆ ನಡೆದು, ಸೇರಿಸಬೇಕಾಗಿಲ್ಲ, ಮೂಲದ ಬದಲಾವಣೆಯನ್ನೇ ಅನುಸರಿಸಬಹುದು ಎಂಬ ಒಮ್ಮತವನ್ನು 2011ರ ನವೆಂಬರಿನಲ್ಲಿ ಪ್ರತ್ಯೇಕ ದಸ್ತಾವೇಜಾಗಿ ಪ್ರಕಟಿಸಲಾಯಿತು. ಲೆಕ್ಕವನ್ನು ಯಂತ್ರ ಮಾಡಿತು. ಆ ಲೆಕ್ಕವನ್ನು ಒಪ್ಪಬೇಕೇ ಎಂಬುದನ್ನು ಮನುಷ್ಯರು ಒಂದು ವರ್ಷ ಕೂತು ಯೋಚಿಸಿದರು. ಕೇಶಿರಾಜ ಬಿಟ್ಟ ಎರಡು ಅಕ್ಷರಗಳು ಅಂತರಜಾಲದ ನಿಯಮಕರ್ತರ ಮುಂದೆ ಚರ್ಚೆಗೆ ಬಂದದ್ದು ಕನ್ನಡ ವ್ಯಾಕರಣದ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ. ಒಂದು ಮಾದರಿಯ ಬದಲಾವಣೆ ಇನ್ನೊಂದಕ್ಕೆ ಹೇಗೆ ತಲುಪಬೇಕೆಂಬುದಕ್ಕೂ ಇದಕ್ಕಿಂತ ಶುಚಿಯಾದ ನಿದರ್ಶನ ಸಿಕ್ಕುವುದು ಕಷ್ಟ.

ಕನ್ನಡ ವಿಭಾಗಗಳ ದಿನನಿತ್ಯದ ಕೆಲಸದಲ್ಲಿ ಇಷ್ಟು ಎಚ್ಚರ ಕಾಣುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧವಾದ ಕಡತಗಳಲ್ಲಿ ಸಂಖ್ಯೆ ಇರುತ್ತಿದ್ದುದು ಅಕ್ಷರಕ್ಕಲ್ಲ, ಅಕ್ಷರದ ಆಕೃತಿಯ ತುಂಡಿಗೆ. ಆಯಾ ಫಾಂಟು ಇಲ್ಲದ ಗಣಕದಲ್ಲಿ ಅವು ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಫಾಂಟು ಮತ್ತು ಪಠ್ಯ ಎಂಬ ಎರಡು ಮಾದರಿಗಳನ್ನು ಬೇರ್ಪಡಿಸದೆ ಒಂದರಲ್ಲಿ ಇನ್ನೊಂದನ್ನು ಹೂತಿಟ್ಟದ್ದರ ಫಲ ಇದು. ಯುಜಿಸಿಯ 2009ರ ನಿಯಮಾವಳಿಯ ನಂತರ ಪಿಎಚ್.ಡಿ. ಪ್ರಬಂಧಗಳ ಗಣಕಪ್ರತಿಗಳು ಶೋಧಗಂಗಾ ಭಂಡಾರವನ್ನು ಸೇರತೊಡಗಿದವು. ಅಂಥ ಫಾಂಟುಗಳಲ್ಲಿ ಸಿದ್ಧವಾದ ಪ್ರಬಂಧಗಳನ್ನು ಕಣ್ಣು ಓದಬಲ್ಲದು. ಹುಡುಕುವ ಯಂತ್ರ ಓದಲಾರದು. ಪಾಠಭೇದ ಎಂದು ಹುಡುಕಿದವನಿಗೆ ಪಾಠಭೇದದ ಮೇಲೆಯೇ ಬರೆದ ಪ್ರಬಂಧ ದೊರೆಯುವುದಿಲ್ಲ.

ಪರಿವರ್ತಕ ತಂತ್ರಾಂಶಗಳಿವೆ, ಅವು ಬಹುಮಟ್ಟಿಗೆ ಚೆನ್ನಾಗಿಯೇ ಕೆಲಸಮಾಡುತ್ತವೆ. ತೊಂದರೆ ಪರಿವರ್ತನೆಯ ನಂತರದ್ದು. ಲೇಖಕ ಯೂನಿಕೋಡಿನಲ್ಲಿ ಬರೆದ ಕಡತವನ್ನು ಮುದ್ರಣಾಲಯ ತನ್ನ ಹಳೆಯ ಪುಟವಿನ್ಯಾಸದ ತಂತ್ರಾಂಶಕ್ಕಾಗಿ ಹಳೆಯ ಸಂಕೇತಕ್ಕೆ ಪರಿವರ್ತಿಸಿಕೊಳ್ಳುತ್ತದೆ. ಕರಡು ತಿದ್ದುವುದು ಅಲ್ಲಿಯ ಪ್ರತಿಯಲ್ಲಿ. ಮೂರು ಕರಡುಗಳ ತಿದ್ದುಪಡಿ ಮುಗಿದ ಮೇಲೆ ಮುದ್ರಿತ ಗ್ರಂಥ ಶುದ್ಧವಾಗುತ್ತದೆ. ಲೇಖಕನ ಬಳಿ, ವಿಭಾಗದ ಬಳಿ ಉಳಿಯುವ ಯೂನಿಕೋಡ್ ಪ್ರತಿಯಲ್ಲಿ ಮೊದಲಿನ ತಪ್ಪುಗಳೆಲ್ಲ ಹಾಗೆಯೇ ಇರುತ್ತವೆ. ಹತ್ತು ವರ್ಷಗಳ ನಂತರ ಎರಡನೆಯ ಮುದ್ರಣವನ್ನು ಆ ಪ್ರತಿಯಿಂದ ತೆಗೆದರೆ, ತಿದ್ದಿದ ತಪ್ಪುಗಳು ಮತ್ತೆ ಜೀವ ಪಡೆಯುತ್ತವೆ. ಬದಲಾವಣೆ ಎರಡು ತುದಿಗಳಿಂದ ಬರುವ ಕಡೆ ಒಂದೇ ದಿಕ್ಕಿನ ಪರಿವರ್ತಕವನ್ನು ನೆಚ್ಚಿದರೆ ಹೀಗಾಗುತ್ತದೆ.

ಯೂನಿಕೋಡಿನ ಒಳಗೂ ಇಂಥ ಸೂಕ್ಷ್ಮಗಳಿವೆ. ಸೂರ್ಯ ಎಂದು ಅರ್ಕಾವೊತ್ತಿನಿಂದ ಬರೆಯುವುದು ರೂಢಿ. ಕೆಲವು ಪ್ರಕಟಣೆಗಳು ಸೂರ‍್ಯ ಎಂದು ರಕಾರಕ್ಕೆ ಒತ್ತು ಕೊಟ್ಟು ಬರೆಯುತ್ತವೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕವೊಂದು ರಕಾರದ ಬಳಿ ಸೇರಿರುತ್ತದೆ. ಸಾಫ್ಟ್‌ವೇರ್ ಎಂಬ ಪದದಲ್ಲಿ ವಕಾರ ಒತ್ತಕ್ಷರವಾಗದಂತೆ ತಡೆಯುವುದಕ್ಕೂ ಕಾಣದ ಇನ್ನೊಂದು ಸಂಕೇತ ಬೇಕು. ಫಾಂಟು ಈ ಸಂಕೇತಗಳನ್ನು ಬಲ್ಲದು. ಹುಡುಕಾಟದ ನಿಯಮ ಬಲ್ಲುದೆಂಬ ಭರವಸೆಯಿಲ್ಲ. 2021ರ 14.0 ಆವೃತ್ತಿಯಲ್ಲಿ ಹಳೆಯ ಬರವಣಿಗೆಯ ನಕಾರಪೊಲ್ಲು ಕನ್ನಡ ವಿಭಾಗಕ್ಕೆ ಸೇರ್ಪಡೆಯಾಯಿತು. ಆ ಆವೃತ್ತಿಗೆ ಮುಂಚಿನ ಫಾಂಟಿನಲ್ಲಿ ಅದು ಖಾಲಿ ಚೌಕವಾಗಿ ಕಾಣುತ್ತದೆ. ಹಳೆಯ ಪಠ್ಯಗಳಲ್ಲಿ ನಕಾರಕ್ಕೆ ಬರಿಯ ಹಲಂತವನ್ನು ಹಚ್ಚಿ ಬರೆದದ್ದನ್ನೂ ಇದನ್ನೂ ಒಂದೇ ಎಂದು ಎಣಿಸಬೇಕೇ ಎಂಬುದನ್ನು ತಂತ್ರಜ್ಞರು ನಿರ್ಧರಿಸಲಾರರು. ಅದು ಹಸ್ತಪ್ರತಿಗಳನ್ನು ಓದಿದವರ ಕೆಲಸ.

ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓಲೆಪ್ರತಿಗಳ ಜೊತೆಗೆ ಗಣಕಪ್ರತಿಗಳಿಗೂ ಎರಡು ಪಾಠಗಳನ್ನು ಮೀಸಲಿಡುವುದು ಅಸಾಧ್ಯವಲ್ಲ. ವಿಭಾಗವೇ ಪ್ರಕಟಿಸಿದ ಒಂದು ಪುಸ್ತಕವನ್ನು ತೆಗೆದುಕೊಂಡು ಅದರ ಮುದ್ರಿತ ರೂಪ, ಮುದ್ರಣಾಲಯದ ಕಡತ, ಲೇಖಕರ ಕಡತ ಈ ಮೂರನ್ನೂ ವಿದ್ಯಾರ್ಥಿಗಳಿಂದ ಸಾಲುಸಾಲಾಗಿ ಹೋಲಿಸಿ ಪಾಠಭೇದಗಳನ್ನು ಗುರುತಿಸಬಹುದು. ಯಾವುದನ್ನು ಮೂಲವೆಂದು ಹಿಡಿಯಬೇಕು, ಯಾವ ಭೇದ ಕರಡು ತಿದ್ದುವವನದು, ಯಾವುದು ಪರಿವರ್ತಕದ ಕೈತಪ್ಪು, ಯಾವುದು ಲೇಖಕನೇ ಆಮೇಲೆ ಮಾಡಿದ ಬದಲಾವಣೆ ಎಂಬುದಕ್ಕೆ ಪ್ರತಿ ಸಾಲಿನ ಮುಂದೆ ಕಾರಣವನ್ನು ಬರೆಯಿಸಬೇಕು. ಹಾಗೆ ಸಿದ್ಧವಾದ ಪಟ್ಟಿಯನ್ನು ಶುದ್ಧಪಡಿಸಿದ ಯೂನಿಕೋಡ್ ಪ್ರತಿಯ ಜೊತೆಗೇ ಇರಿಸಿದರೆ ಎರಡನೆಯ ಮುದ್ರಣದ ಸಂಪಾದಕನಿಗೆ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.